ಹಾಲೆಂಡಿನ ಬಾಣಂತಿ, ತಂಬೂರದ ಕುಬಸ

ಹುಬ್ಬಳ್ಳಿ ನಿಲ್ದಾಣ

ಪರದೇಶ ನೋಡಿ ಬಂದವನ ಮಾತನ್ನು ಎರಡು ಕಾರಣಗಳಿಗಾಗಿ ಅನುಮಾನದಿಂದ ಕೇಳಬೇಕು. ಅಲ್ಲಿಯದೆಲ್ಲ ಚೆನ್ನ ಎಂದು ಅವನು ಹೇಳಬಹುದು ಎಂಬುದು ಒಂದು. ಏನೇ ಆದರೂ ನಮ್ಮದೇ ಚೆನ್ನ ಎಂದು ಹೇಳಬಹುದು ಎಂಬುದು ಇನ್ನೊಂದು. ಕಾಲೇಜಿನ ಚರ್ಚಾಕೂಟದಲ್ಲಿ ಒಂದು ವಾರ ಪರವಾಗಿಯೂ ಮುಂದಿನ ವಾರ ವಿರೋಧವಾಗಿಯೂ ನಿಂತು ಮಾತನಾಡಿದ ನನಗೆ ಈ ಎರಡು ಅಪಾಯಗಳೂ ಪರಿಚಿತ. ಆದ್ದರಿಂದ ಕಂಡದ್ದನ್ನು ಮೊದಲು ಹೇಳುತ್ತೇನೆ. ಅಭಿಮಾನದ ಮಾತೂ ಬರುತ್ತದೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ನನ್ನ ಊರು ಮಿಶ್ರಿಕೋಟಿ. ಕಲಘಟಗಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೇನೆ. ನಮ್ಮ ತರುಣರ ಸಂಘವು ಬಸುರಿ ಬಾಣಂತಿಯರ ಆರೈಕೆಯನ್ನು ಕುರಿತು ಹಳ್ಳಿಹಳ್ಳಿಗಳಲ್ಲಿ ಸಭೆ ನಡೆಸುತ್ತಿತ್ತು. ಇದನ್ನು ಕೇಳಿದ ಹುಬ್ಬಳ್ಳಿಯ ಸೇವಾಸಂಸ್ಥೆಯೊಂದು, ಹಾಲೆಂಡಿನಲ್ಲಿ ಈ ಆರೈಕೆ ಹೇಗೆ ನಡೆಯುತ್ತದೆಂಬುದನ್ನು ನೋಡಿ ಬರಲು ಇಬ್ಬರನ್ನು ಕಳಿಸಿತು. ಒಬ್ಬರು ನವಲಗುಂದದಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರ್ ದೇಶಪಾಂಡೆಯವರು. ಇನ್ನೊಬ್ಬ ನಾನು.

ನನಗೆ ಈ ವಿಷಯ ಭಾಷಣದ ವಸ್ತುವಷ್ಟೇ ಆಗಿರಲಿಲ್ಲ. ತಂಗಿ ಗಿರಿಜಾಳನ್ನು ತಂಬೂರವೆಂಬ ಹಳ್ಳಿಗೆ ಕೊಟ್ಟಿದ್ದೇವೆ. ಅವಳು ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಾಗ ಕೂಸು ಹುಟ್ಟಿತು, ಆದರೆ ಉಳಿಯಲಿಲ್ಲ. ಈಗ ಮತ್ತೆ ಬಸುರಿ. ನಾನು ಹೊರಡುವ ದಿನ ಗಂಡನೊಡನೆ ಹುಬ್ಬಳ್ಳಿ ನಿಲ್ದಾಣಕ್ಕೆ ಬಂದಿದ್ದಳು.

"ನನ್ನ ಕರಿಯಾಕ ನೀನ ಬರಬೇಕು ನೋಡಣ್ಣಾ. ಅಲ್ಲೇ ಉಳಕೊಂಡಗಿಳಕೊಂಡಿ," ಎಂದಳು.

"ಕುಬಸದ ಹೊತ್ತಿಗೆ ಬಂದಿರ್ತೇನಿ."

"ಕುಬಸಾ ಈ ಸಲ ಮಾಡ್ತಾರೋ ಇಲ್ಲೋ. ಒಮ್ಮೆ ಮಾಡಿದ್ದು ಸಾಕಂತಾಳ ಅವ್ವ."

ನಮ್ಮ ಕಡೆಯ ಕುಬಸವನ್ನು ಅರಿಯದ ಓದುಗರಿಗಾಗಿ ಒಂದು ಮಾತು. ಬಸುರಿಗೆ ಏಳು ತಿಂಗಳಾಗುವ ಹೊತ್ತಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಎಂದರೆ ರವಿಕೆಯ ಬಟ್ಟೆ ಹೊತ್ತು ಅವಳ ಗಂಡನ ಮನೆಗೆ ಹೋಗುತ್ತಾರೆ. ಉಡಿ ತುಂಬುತ್ತಾರೆ, ಹೋಳಿಗೆ ಉಣ್ಣುತ್ತಾರೆ, ಆಮೇಲೆ ಮಗಳನ್ನು ಹೆರಿಗೆಗೆ ಕರೆದುಕೊಂಡು ಬರುತ್ತಾರೆ. ಕರೆಯಲು ಹೋಗುವವರಲ್ಲಿ ಅಣ್ಣನೋ ತಮ್ಮನೋ ಇರಲೇಬೇಕು.

"ಮಾಸ್ತರ, ಗಾಡಿ ಸೀಟಿ ಹೊಡೀತು," ಎಂದು ಡಾಕ್ಟರು ಬಾಗಿಲಿನಿಂದ ಕೂಗಿದರು. "ನೀವು ಮಾತು ಮುಗಿಸೂ ತನಕ ಹಾಲೆಂಡ್ ನಿಂದರ್ತದ, ಗಾಡಿ ನಿಂದರೂದಿಲ್ಲ."

ಆಕಳುಗಳ ಊರು

ಹಾಲೆಂಡಿನ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ಯಾನ್ ಮತ್ತು ಗ್ರೀತ್ ಎಂಬ ರೈತ ದಂಪತಿ ನಮ್ಮನ್ನು ಮನೆಯಲ್ಲಿ ಇಳಿಸಿಕೊಂಡರು. ಅವರ ಬದುಕೆಲ್ಲ ಆಕಳುಗಳ ಮೇಲೆ ನಿಂತದ್ದು. ನೆಲ ಕಣ್ಣು ಹರಿಯುವಷ್ಟು ದೂರ ಸಮತಟ್ಟಾಗಿತ್ತು. ಎರೆಹೊಲಗಳ ನಡುವೆ ಹುಟ್ಟಿ ಬೆಳೆದ ಡಾಕ್ಟರು ಅದನ್ನು ಬಹಳ ಹೊತ್ತು ನೋಡಿ, "ನಮ್ಮ ನವಲಗುಂದಕ್ಕರೆ ಒಂದು ಗುಡ್ಡ ಅದ," ಎಂದು ಸಮಾಧಾನಪಟ್ಟುಕೊಂಡರು.

ಅಲ್ಲಿಯ ಜನರ ನಡವಳಿಕೆ ನನಗೆ ಮೊದಲ ದಿನವೇ ಒಂದು ಪಾಠ ಕಲಿಸಿತು. ಗ್ರೀತ್ ಅವರು ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ಹಿಡಿದರು. ನಮ್ಮ ಸಂಪ್ರದಾಯದಂತೆ ನಾನು "ಬೇಡ" ಎಂದೆ. ಎರಡನೆಯ ಸಲ ಒತ್ತಾಯ ಬರುತ್ತದೆ, ಆಗ ತೆಗೆದುಕೊಳ್ಳೋಣ ಎಂಬುದು ನನ್ನ ಎಣಿಕೆ. ಅವರು ತಲೆಯಾಡಿಸಿ ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟರು. ಡಾಕ್ಟರು ಮೊದಲೇ ಒಂದು ತೆಗೆದುಕೊಂಡಿದ್ದರು. ಅದನ್ನು ನನ್ನ ಕಡೆಗೆ ನೋಡುತ್ತ ನಿಧಾನವಾಗಿ ತಿಂದರು. ಅಲ್ಲಿ ಬೇಡವೆಂದರೆ ಬೇಡವೆಂದೇ ಅರ್ಥ. ನಮ್ಮಲ್ಲಿ ಬೇಡ ಎಂಬುದು ಮಾತಿನ ಆರಂಭ. ಎದುರಿನವರ ಮನಸ್ಸನ್ನು ಊಹಿಸಿ ತಿಳಿದುಕೊಳ್ಳುವುದನ್ನೇ ನಾವು ಪ್ರೀತಿ ಎನ್ನುತ್ತೇವೆ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದನ್ನು ಅವರು ಮರ್ಯಾದೆ ಎನ್ನುತ್ತಾರೆ.

ಅವರ ಕಿಟಕಿಗಳಿಗೆ ಸಂಜೆಯಾದರೂ ಪರದೆ ಎಳೆಯುವ ರೂಢಿಯಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಊಟಕ್ಕೆ ಕುಳಿತವರ ತಟ್ಟೆ ಕಾಣುತ್ತದೆ. ನೆಂಟರಿಷ್ಟರ ಹುಟ್ಟಿದ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರನ್ನು ಶೌಚಗೃಹದ ಗೋಡೆಗೆ ತೂಗುಹಾಕಿರುತ್ತಾರೆ. ದಿನಕ್ಕೊಮ್ಮೆಯಾದರೂ ಎಲ್ಲರ ಕಣ್ಣಿಗೆ ಬೀಳಲಿ ಎಂಬುದು ಅದರ ತರ್ಕ. ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ, ಆದರೆ ನನ್ನ ಅವ್ವನಿಗೆ ಈ ವಿಷಯವನ್ನು ನಾನು ಇನ್ನೂ ತಿಳಿಸಿಲ್ಲ.

ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಆಕಳು ಈಯಿತು. ಯಾನ್ ಅವರು ಮೊದಲ ಹಾಲನ್ನು ಹಿಂಡಿ, ತಮ್ಮ ಬೆಳಗಿನ ಕಾಫಿಗೂ ಮೊದಲು ಕರುವಿಗೆ ಕುಡಿಸಿದರು. "ಇದು ಕುಡಿಯದ ಕರು ಬಾಳುವುದಿಲ್ಲ," ಎಂದರು. ನಮ್ಮ ರೈತನೂ ಇದನ್ನೇ ಹೇಳುತ್ತಾನೆ. ಕರು ಕುಡಿದು ಉಳಿದ ಮೇಲೆಯೇ ನಾವು ಗಿಣ್ಣ ಮಾಡುತ್ತೇವೆ. ಆದರೆ ನಮ್ಮ ಮನೆಯ ಸೊಸೆ ಹೆತ್ತಾಗ ಅದೇ ಮೊದಲ ಹಾಲನ್ನು ಕೆಟ್ಟದ್ದೆಂದು ನೆಲಕ್ಕೆ ಹಿಂಡಿಸುತ್ತೇವೆ. ಕೊಟ್ಟಿಗೆಯಲ್ಲಿರುವ ತಿಳಿವಳಿಕೆ ಪಡಸಾಲೆಯನ್ನು ದಾಟಿ ಬಾಣಂತಿಯ ಕೋಣೆಗೆ ಬರುವುದಿಲ್ಲ ಎಂಬುದನ್ನು ನಾನು ಆ ಕರುವಿನ ಎದುರು ನಿಂತು ಯೋಚಿಸಿದೆ.

ಆನಾಳ ಮನೆ

ಗ್ರೀತ್ ಅವರ ಮಗಳು ಆನಾ ಅದೇ ಊರಿನ ಇನ್ನೊಂದು ಬೀದಿಯಲ್ಲಿ ಗಂಡ ಪೀಟರನೊಡನೆ ಇದ್ದಳು. ಅವಳಿಗೆ ದಿನ ತುಂಬಿತ್ತು. ಹೆರಿಗೆ ಮನೆಯಲ್ಲಿಯೇ ಆಗುವುದಿತ್ತು. ಈ ಮಾತು ಕೇಳಿ ಡಾಕ್ಟರು ಹುಬ್ಬೇರಿಸಿದರು. ಇಷ್ಟು ಮುಂದುವರಿದ ದೇಶದಲ್ಲಿ ಹೆರಿಗೆಗಳೆಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತವೆಂದು ನಾವಿಬ್ಬರೂ ತಿಳಿದಿದ್ದೆವು. ನಾನಂತೂ ಹಾಗೆಂದು ಸಭೆಗಳಲ್ಲಿ ಹೇಳಿಯೂ ಇದ್ದೆ.

ಆನಾಳನ್ನು ಬಸುರಿನ ಉದ್ದಕ್ಕೂ ನೋಡಿಕೊಂಡವಳು ವಿಲ್ಮಾ ಎಂಬ ಸೂಲಗಿತ್ತಿ. ಸೂಲಗಿತ್ತಿ ಎಂದೊಡನೆ ನಮ್ಮ ಅಜ್ಜಿಯರು ಕಣ್ಣಿಗೆ ಬರುವುದು ಸಹಜ. ಇವಳು ವರ್ಷಗಟ್ಟಲೆ ಓದಿ ಪದವಿ ಪಡೆದವಳು, ಸ್ವಂತ ಕಾರಿನಲ್ಲಿ ಮನೆಮನೆಗೆ ಹೋಗುವವಳು. ಯಾರಿಗೆ ಮನೆಯಲ್ಲಿ ಹೆರಿಗೆ ಮಾಡಿಸಬಹುದು, ಯಾರನ್ನು ಆಸ್ಪತ್ರೆಯ ವೈದ್ಯರಿಗೆ ಒಪ್ಪಿಸಬೇಕು ಎಂಬುದನ್ನು ಅವಳು ತಿಂಗಳುಗಳ ಮೊದಲೇ ನೋಡಿ ತೀರ್ಮಾನಿಸುತ್ತಾಳೆ. ಅವಳು ಪೀಟರನಿಗೆ ಮಂಚವನ್ನು ಎತ್ತರಿಸಲು ಹೇಳಿದ್ದಳು. ಹೆರುವವಳ ಅನುಕೂಲಕ್ಕಲ್ಲ, ಹೆರಿಗೆ ಮಾಡಿಸುವವರ ಸೊಂಟ ನೋಯದಿರಲಿ ಎಂದು. ಕೆಲಸ ಮಾಡುವವಳ ಸೊಂಟದ ಚಿಂತೆಯನ್ನು ಹೆರಿಗೆಯ ಸಿದ್ಧತೆಯಲ್ಲಿ ಸೇರಿಸಿದ ಜನರನ್ನು ನಾನು ಅಂದೇ ಮೊದಲು ಕಂಡದ್ದು.

ಮಂಚ ಎತ್ತರಿಸಲು ಅಲ್ಲಿ ರೂಢಿಯಲ್ಲಿರುವ ಸಾಧನ ಬಿಯರಿನ ಖಾಲಿ ಪೆಟ್ಟಿಗೆ. ಮದ್ಯಪಾನದ ವಿರುದ್ಧ ಕಲಘಟಗಿಯ ಸಂತೆಯಲ್ಲಿ ಮೇಜಿನ ಮೇಲೆ ನಿಂತು ಮಾತನಾಡಿದ ನಾನು, ಎರಡೂ ಕೈಯಲ್ಲಿ ಬಿಯರಿನ ಪೆಟ್ಟಿಗೆ ಹಿಡಿದು ಹಾಡುಹಗಲಲ್ಲಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ನಡೆದೆ.

"ಮಾಸ್ತರ, ಹಿಂಗ ನಿಂದರ್ರಿ," ಎಂದು ಡಾಕ್ಟರು ಕ್ಯಾಮರಾ ತೆಗೆದರು. "ಒಂದು ಪ್ರತಿ ನಿಮ್ಮ ಹೆಡ್ ಮಾಸ್ತರಿಗೆ ಕಳಸ್ತೀನಿ."

"ಖಾಲಿ ಅದಾವ ಅಂತ ಫೋಟೋದಾಗ ಕಾಣ್ತೈತೇನ್ರಿ?"

"ಖಾಲಿ ಯಾರು ಮಾಡಿದ್ರು ಅಂತ ಕೇಳ್ತಾರ."

ಅವರ ಮನೆಯ ಮೆಟ್ಟಿಲುಗಳು ನಿಜವಾಗಿ ಏಣಿಯ ಜಾತಿಯವು. ಹತ್ತುವಾಗ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಇಳಿಯುವಾಗ ಬೆನ್ನು ಮುಂದೆ ಮಾಡಿ ಇಳಿಯಬೇಕೆಂಬುದು ನನಗೆ ತಿಳಿಯಲಿಲ್ಲ. ನಾನು ಗಂಭೀರವಾಗಿ ಮುಖ ಮುಂದೆ ಮಾಡಿ ಹೊರಟು, ಕೊನೆಯ ಭಾಗವನ್ನು ಕುಳಿತೇ ಇಳಿದೆ. ತುಂಬುಬಸುರಿ ಆನಾ ಮೇಲಿನಿಂದ ನೋಡಿ ಹೊಟ್ಟೆ ಹಿಡಿದು ನಕ್ಕಳು. ಪೀಟರನು ಮೊದಲು ಅವಳ ಬಳಿಗೆ ಓಡಿದ, ಆಮೇಲೆ ನನ್ನ ಬಳಿಗೆ. ಅದು ನ್ಯಾಯವೇ.

ನೆಲಿಯ ಆಳ್ವಿಕೆ

ಎರಡು ದಿನ ಕಳೆದ ಮೇಲೆ ಆನಾಳಿಗೆ ಗಂಡು ಕೂಸು ಹುಟ್ಟಿತು. ಹೆರಿಗೆಯ ಹೊತ್ತಿನಲ್ಲಿ ಪೀಟರನು ಹೆಂಡತಿಯ ತಲೆಯ ಬಳಿ ನಿಂತಿದ್ದನಂತೆ. ನಮ್ಮ ಕಡೆ ಆ ಹೊತ್ತಿನಲ್ಲಿ ಗಂಡಸು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿರುತ್ತಾನೆ.

ಮರುದಿನ ಮುಂಜಾನೆ ನೋಡಲು ಹೋದಾಗ ಬಾಗಿಲು ತೆರೆದವಳು ಬಿಳಿ ಏಪ್ರನ್ ಉಟ್ಟ ನೆಲಿ ಎಂಬ ಗಟ್ಟಿಗಿತ್ತಿ. ಬಾಣಂತಿಯ ಮನೆಗೆ ಬಂದು ಬೆಳಗಿನಿಂದ ಸಂಜೆಯವರೆಗೆ ಇದ್ದು ತಾಯಿ ಮಗುವನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ. ಅದಕ್ಕೆಂದೇ ಕಲಿತವಳು. ಅಡಿಗೆ, ಬಟ್ಟೆ, ಬಂದುಹೋಗುವವರ ಉಪಚಾರ, ಎಲ್ಲವೂ ಅವಳದೇ ಕೈಯಲ್ಲಿ. ಇಂಥವಳನ್ನು ಸಿರಿವಂತರು ಮಾತ್ರವಲ್ಲ, ಊರಿನ ಪ್ರತಿಯೊಂದು ಮನೆಯೂ ಪಡೆಯುವ ವ್ಯವಸ್ಥೆ ಅಲ್ಲಿದೆ.

"ಕೈ ತೊಳೆದಿರಾ?" ಎಂಬುದು ಅವಳ ಮೊದಲ ಮಾತು. "ನೆಗಡಿ ಇದೆಯೇ? ಇದ್ದರೆ ಕಿಟಕಿಯಿಂದ ನೋಡಿ."

ನನಗೆ ಕೂಡಲೇ ನನ್ನ ಅಜ್ಜಿಯ ಧ್ವನಿ ಕೇಳಿಸಿದಂತಾಯಿತು. ನಮ್ಮಲ್ಲಿಯೂ ಬಾಣಂತಿಯ ಕೋಣೆಗೆ ಕಂಡಕಂಡವರು ಹೋಗುವಂತಿರಲಿಲ್ಲ. ಹೊಸ್ತಿಲಲ್ಲಿ ಅಜ್ಜಿ ಕುಳಿತಿರುತ್ತಿದ್ದಳು. ಅದು ಬರೀ ಮಡಿ ಮೈಲಿಗೆ ಎಂದು ನಾವು ಓದಿದವರು ಅವಳನ್ನು ಎಬ್ಬಿಸಿ ಕಳಿಸಿದೆವು, ಆ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲಿಲ್ಲ.

ಕೂಸು ಹುಟ್ಟಿದ ಮನೆಯಲ್ಲಿ ಬಂದವರಿಗೆ ಒಂದು ತಿಂಡಿ ಕೊಡುತ್ತಾರೆ. ದುಂಡನೆಯ ರಸ್ಕು, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ ಸವರಿದ ಬಡೇಸೋಪಿನಂಥ ಬಿಳಿ ಮತ್ತು ಗುಲಾಬಿ ಬಣ್ಣದ ಕಾಳು. ಬಾಣಂತಿಗೆ ಹಾಲು ಹೆಚ್ಚಲು ಆ ಕಾಳು ಒಳ್ಳೆಯದೆಂದು ಅವರ ಅಜ್ಜಿಯಂದಿರ ನಂಬಿಕೆ. ನಮ್ಮ ಬಾಣಂತಿಯರಿಗೆ ತಿನ್ನಿಸುವ ಅಂಟಿನುಂಡಿಯನ್ನು ಕುರಿತು ನಾನು ಹೆಮ್ಮೆಯಿಂದ ವಿವರಿಸುತ್ತ ರಸ್ಕನ್ನು ಕಚ್ಚಿದೆ. ಅದು ಒಡೆದು ಕಾಳೆಲ್ಲ ನೆಲದ ಮೇಲೆ ಓಡಿದವು. ನೆಲಿ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟಳು. ಅಲ್ಲಿ ಅತಿಥಿ ದೇವರಲ್ಲ.

ಅಷ್ಟರಲ್ಲಿ ವಿಲ್ಮಾ ಬಂದಳು. ಮುಂದೆ ನಡೆದದ್ದು ಬಹಳ ಸಾಧಾರಣ ಸಂಗತಿ. ನೆಲಿ ಮಂಚದ ಆ ಕಡೆ ನಿಂತಳು, ವಿಲ್ಮಾ ಈ ಕಡೆ. ನಡುವೆ ಆನಾ, ಅವಳ ಎದೆಯ ಮೇಲೆ ಕೂಸು. ಕೂಸಿನ ಮೈಶಾಖ, ಹಾಲು ಕುಡಿದದ್ದು, ಹೊಕ್ಕುಳು, ತಾಯಿಯ ರಕ್ತಸ್ರಾವ, ಎಲ್ಲವನ್ನೂ ನೆಲಿ, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ ಹೇಳಿದಳು. ವಿಲ್ಮಾ ಕೇಳುತ್ತ ಹೋದಳು.

"ಅಲ್ಲ," ಎಂದು ಆನಾ ನಡುವೆ ತಡೆದಳು. "ಬೆಳಗ್ಗೆ ಅದು ಕುಡಿಯಲಿಲ್ಲ, ಬರೀ ಚೀಪಿತು. ನನಗೆ ತಲೆಯೂ ಸ್ವಲ್ಪ ಭಾರವಾಗಿದೆ."

ಇಬ್ಬರೂ ಅವಳ ಕಡೆಗೆ ತಿರುಗಿದರು. ವಿಲ್ಮಾ ಕುಳಿತು ಅವಳ ರಕ್ತದೊತ್ತಡ ನೋಡಿದಳು. ಏನೂ ತೊಂದರೆ ಇರಲಿಲ್ಲ. ಹೋಗುವಾಗ ವಿಲ್ಮಾ ನನಗೆ ಹೇಳಿದಳು: "ನಾನು ಇಲ್ಲದಾಗ ನೆಲಿ. ನೆಲಿಯ ಕೆಲಸ ಮುಗಿದ ಮೇಲೆ ಊರಿನ ದಾದಿ. ಒಬ್ಬರು ಇನ್ನೊಬ್ಬರಿಗೆ ಎಲ್ಲ ಹೇಳದೆ ಯಾರೂ ಕೈಬಿಡುವುದಿಲ್ಲ. ನಿಮ್ಮಲ್ಲಿ ಹೇಗೆ?"

ನಮ್ಮಲ್ಲಿ ಊರೂರಿಗೆ ನರ್ಸ್ ಇದ್ದಾಳೆ ಎಂದು ನಾನು ಅಭಿಮಾನದಿಂದಲೇ ಹೇಳಿದೆ. ಗಿರಿಜಾಳ ವಿಷಯವನ್ನೂ ಹೇಳಿದೆ.

"ಈಗ ನಿಮ್ಮ ತಂಗಿಯನ್ನು ನೋಡುತ್ತಿರುವವಳು ಯಾರು?"

"ತಂಬೂರದ ನರ್ಸ್."

"ಹೆರಿಗೆ ಮಾಡಿಸುವವಳು?"

"ಮಿಶ್ರಿಕೋಟಿಯ ನರ್ಸ್. ನಮ್ಮಲ್ಲಿ ಹೆರಿಗೆ ತವರಿನಲ್ಲಿ."

"ಅವರಿಬ್ಬರೂ ಭೇಟಿಯಾಗುವುದು ಯಾವಾಗ?"

ಎಂಥ ಎದುರಾಳಿಗೂ ತಡಮಾಡದೆ ಉತ್ತರಿಸುವ ಅಭ್ಯಾಸ ನನ್ನದು. ಈ ಪ್ರಶ್ನೆಯನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಕಾಲುವೆಯ ದಂಡೆ

ಅಂದು ಮಧ್ಯಾಹ್ನ ಕಾಲುವೆಯ ದಂಡೆಯ ಮೇಲೆ ಡಾಕ್ಟರೂ ನಾನೂ ಬಹಳ ಹೊತ್ತು ವಾದ ಮಾಡಿದೆವು. ನಾನು ಆಗಲೇ ಮನೆಯ ಹೆರಿಗೆಯ ಪರವಾಗಿ ಒಂದು ಭಾಷಣದ ಮೊದಲ ವಾಕ್ಯಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ.

"ನೀವು ಊರಿಗೆ ಹೋಗಿ ಮನೀ ಹೆರಿಗಿ ಭಾಳ ಚೊಲೋ ಅಂತ ಹೇಳಿದ್ರಂದ್ರ, ಅದೇ ಸಭಾದಾಗ ಎದ್ದು ನಿಂತು ವಿರೋಧ ಮಾಡಾಂವ ನಾನು," ಎಂದರು ಡಾಕ್ಟರು. "ಇಲ್ಲೆ ನೋಡ್ರಿ, ಬಾಗಿಲಿಗೆ ಡಾಂಬರ್ ರಸ್ತಾ ಅದ. ಏನರೆ ಹೆಚ್ಚುಕಮ್ಮಿ ಆದ್ರ ಫೋನ್ ಹೊಡೀತಾರ, ಗಾಡಿ ಬರ್ತದ. ನಮ್ಮ ಎರಿ ಮಣ್ಣಾಗ ಮಳಿ ಆತಂದ್ರ ಚಕ್ಕಡಿ ಗಾಲಿ ತಿರಗೂದಿಲ್ಲ. ಹೆರೂ ಹೆಣಮಗಳನ್ನ ಹೊರಸಿನ ಮ್ಯಾಲ ಹೊತಗೊಂಡು ಬಂದದ್ದು ನಾ ನೋಡೀನಿ."

"ಹಂಗಾರ ಇಲ್ಲಿಂದ ನಾವು ಒಯ್ಯೂದೇನ್ರಿ?"

"ಮಂಚಾ ಒಯ್ಯಬ್ಯಾಡ್ರಿ, ಬಿಯರ್ ಪೆಟ್ಟಿಗೀನೂ ಒಯ್ಯಬ್ಯಾಡ್ರಿ," ಎಂದು ಅವರು ನಕ್ಕು, ಸ್ವಲ್ಪ ತಡೆದು ಹೇಳಿದರು: "ಆಕಿ ಕೇಳಿದ ಪ್ರಶ್ನಿ ಒಯ್ರಿ."

ಅವರ ಮಾತು ಸರಿ. ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂಬುದನ್ನೇ ನಾವು ಇಷ್ಟು ದಿನ ಚರ್ಚಿಸಿದ್ದೆವು. ಬಸುರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಯಾರು ಒಪ್ಪಿಸುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ತಂಬೂರದ ಎಸ್ತರಬಾಯಿ ಒಳ್ಳೆಯ ನರ್ಸ್. ಮಿಶ್ರಿಕೋಟಿಯ ಸುಮಿತ್ರಾಬಾಯಿಯೂ ಒಳ್ಳೆಯವಳು. ನರ್ಸುಗಳನ್ನು ಊರಿಗೊಬ್ಬರಂತೆ ಹಂಚಿದ್ದಾರೆ, ಆದರೆ ನಮ್ಮ ಬಸುರು ಬಾಣಂತನಗಳು ಎರಡು ಊರುಗಳಲ್ಲಿ ಹಂಚಿಹೋಗಿವೆ. ಒಬ್ಬಳು ತಿಂಗಳುಗಟ್ಟಲೆ ನೋಡಿ ತಿಳಿದುಕೊಂಡದ್ದು ಇನ್ನೊಬ್ಬಳಿಗೆ ಮುಟ್ಟುವುದಿಲ್ಲ. ಗಿರಿಜಾಳ ಕಾಲು ಬಾತದ್ದನ್ನು ಎಸ್ತರಬಾಯಿ ಹೋದ ಸಲ ಕಂಡಿದ್ದಳು. ಸುಮಿತ್ರಾಬಾಯಿಯನ್ನು ನಾವು ಕರೆದದ್ದು ಬೇನೆ ಕಾಣಿಸಿಕೊಂಡ ಮೇಲೆ.

ಊರಿಗೆ ಹೊರಡುವ ಮುನ್ನ ವಿಲ್ಮಾಳಿಗೆ ನಾನು ಕುಬಸದ ಸಂಗತಿಯನ್ನು ಹೇಳಿದೆ. ಅವಳು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಳು. "ಹೆರುವ ಮುನ್ನ ಅವಳನ್ನು ಕರೆದೊಯ್ಯಲು ಇಡೀ ಬಂಧುಬಳಗ ಬರುತ್ತದೆಯೇ? ದಿನ ಗೊತ್ತುಮಾಡಿ? ಎರಡೂ ಮನೆಯವರು ಒಂದೇ ಕಡೆ ಕೂಡುತ್ತಾರೆಯೇ?" ಎಂದಳು. "ನಾವು ಇಲ್ಲಿ ಎಷ್ಟೋ ಸಭೆ ಮಾಡಿ ಕಟ್ಟಿದ್ದು ನಿಮ್ಮಲ್ಲಿ ಅರ್ಧ ಮೊದಲೇ ಇದೆ."

ಆ ಮಾತು ಕೇಳಿದಾಗ ನನಗೆ ಉಂಟಾದ ಹೆಮ್ಮೆಯನ್ನು ನಾನು ವಿಮಾನದಲ್ಲಿ ದಾರಿಯುದ್ದಕ್ಕೂ ಇಟ್ಟುಕೊಂಡು ಬಂದೆ. ಉಳಿದ ಅರ್ಧ ಏನೆಂಬುದೂ ಸ್ಪಷ್ಟವಾಗಿತ್ತು. ಕುಬಸಕ್ಕೆ ಎಲ್ಲರೂ ಬರುತ್ತಾರೆ, ನರ್ಸ್ ಮಾತ್ರ ಬರುವುದಿಲ್ಲ.

ತಂಬೂರ

ಅವ್ವನನ್ನು ಒಪ್ಪಿಸುವುದು ಹಾಲೆಂಡಿಗೆ ಹೋಗಿ ಬರುವುದಕ್ಕಿಂತ ಕಷ್ಟವಾಯಿತು.

"ಹ್ವಾದ ಸಲ ಊರ ಮಂದೀನೆಲ್ಲಾ ಕರದು ಕುಬಸಾ ಮಾಡಿದ್ವಿ. ಏನ ಬಂತಪಾ?" ಎಂದಳು. "ಈ ಸಲ ಸದ್ದಿಲ್ಲದ ಹೋಗಿ ಕರಕೊಂಡು ಬರೂಣು."

"ಊರಿಗೆಲ್ಲಾ ಸದ್ದು ಮಾಡಿ ನರ್ಸಬಾಯಿಗೆ ಸದ್ದಿಲ್ಲದ ಕರಕೊಂಡು ಬಂದದ್ದಕ್ಕ ಹಿಂಗಾತವಾ. ಈ ಸಲ ಸದ್ದು ಮಾಡಿ ಕರಕೊಂಡು ಬರೂಣು. ನರ್ಸಬಾಯಿ ನಮ್ಮ ಜೋಡಿ ಬರ್ಲಿ."

"ನರ್ಸಬಾಯಿ ಕುಬಸಕ್ಕ? ಆಕಿ ನಮಗ ಯಾವ ಕಡಿಯಿಂದ ಬೀಗತಿ?"

ಇದಕ್ಕೆ ಉತ್ತರ ಕೊಟ್ಟವಳು ಎಸ್ತರಬಾಯಿ. ಕುಬಸದ ದಿನ ತಂಬೂರದ ಬೀಗರ ಮನೆಯಲ್ಲಿ ಊಟಕ್ಕೆ ಪಂಕ್ತಿ ಹಾಕಿದ್ದರು. ಗಿರಿಜಾ ಹಸಿರು ಸೀರೆ ಉಟ್ಟು ಕುಳಿತಿದ್ದಳು. ಎಸ್ತರಬಾಯಿ ಕೆಲಸದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದು, ಹೆಂಗಸರ ನಡುವೆ ಜಾಗ ಮಾಡಿಕೊಂಡು ಕುಳಿತಳು.

"ಹುಡಿಗೀನ ಇಷ್ಟ ತಿಂಗಳಾ ನಾ ನೋಡೇನ್ರಿ. ಗಂಡನಕಿಂತ ಹೆಚ್ಚ ಸರತಿ ನೋಡೇನಿ," ಎಂದಳು. "ನನಗ ಹೋಳಿಗಿ ಇಲ್ಲಂದ್ರ ಹೆಂಗ?"

ಹೆಂಗಸರೆಲ್ಲ ನಕ್ಕರು. ಗಿರಿಜಾಳ ಅತ್ತೆ ಎಸ್ತರಬಾಯಿಯ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸ್ವಲ್ಪ ಹೆಚ್ಚಾಗಿಯೇ. ಅವ್ವ ನೋಡಿದಳು. ಏನನ್ನೋ ಲೆಕ್ಕ ಹಾಕಿದಳು. ಆಮೇಲೆ ತಾನೇ ಎದ್ದು ಗಿರಿಜಾಳ ಉಡಿ ತುಂಬಿದ ತಟ್ಟೆಯಿಂದ ಒಂದು ಕುಬಸದ ಕಣ, ಒಂದು ತೆಂಗಿನಕಾಯಿ ತೆಗೆದು ಎಸ್ತರಬಾಯಿಯ ಸೆರಗಿಗೆ ಹಾಕಿದಳು.

ಹೀಗೆ ನಾವು ಬಸ್ಸು ಹತ್ತಿದೆವು. ಗಿರಿಜಾ ಕಿಟಕಿಯ ಬದಿಗೆ, ಪಕ್ಕದಲ್ಲಿ ಎಸ್ತರಬಾಯಿ, ಅವರ ಹಿಂದೆ ಹೋಳಿಗೆಯ ಬುಟ್ಟಿ ಹಿಡಿದ ನಾನು.

ಮಿಶ್ರಿಕೋಟಿ

ನಮ್ಮ ಮನೆಯ ಪಡಸಾಲೆಯಲ್ಲಿ ಸುಮಿತ್ರಾಬಾಯಿ ಕಾಯುತ್ತಿದ್ದಳು. ಚಹಾ ಕುಡಿದಾದ ಮೇಲೆ ಎಸ್ತರಬಾಯಿ ಕಂಡದ್ದನ್ನೆಲ್ಲ ಹೇಳಿ, ಗಿರಿಜಾಳ ಕಡೆಗೆ ತಿರುಗಿದಳು.

"ಹ್ವಾದ ಸಲ ತವರಿಗೆ ಬಂದ ಮ್ಯಾಲ ನಿನಗ ಏನೇನಾಗಿತ್ತು, ಅದನ್ನ ನಾ ನೋಡಿಲ್ಲ. ಅದು ನಿನಗ ಗೊತ್ತು. ನೀನ ಹೇಳು."

ಗಿರಿಜಾ ಮೊದಲು ಅವ್ವನನ್ನು ನೋಡಿದಳು.

"ತಲಿ ಶೂಲಿ ಇತ್ರಿ," ಎಂದಳು. "ಕಣ್ಣ ಮುಂದ ಮಿಂಚ ಹೊಡದಂಗ ಆಕ್ಕಿತ್ತು. ಮುಖಾನೂ ಬಾತಿತ್ತು. ಅವ್ವ ಮೈ ತುಂಬೇತಿ ಅಂದ್ಲು."

ಅವ್ವ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟಳು. "ನನಗ್ಯಾಕ ಹೇಳಲಿಲ್ಲಬೇ?"

"ಹೆಂಗ ಹೇಳಲಿ? ತವರಿಗೆ ಬಂದು ಬ್ಯಾನಿ ಹೇಳಿದ್ರ, ಅತ್ತೀ ಮನ್ಯಾಗ ದುಡಿಸಿ ದುಡಿಸಿ ಕಳಿಸ್ಯಾರ ಅಂತ ನೀವು ಜಗಳಕ್ಕ ಹೋಗ್ತಿದ್ರಿ. ಮುಂದ ನಾ ಅದ ಮನ್ಯಾಗ ಬಾಳ್ವೆ ಮಾಡಬೇಕಲ್ಲ."

ನಮ್ಮ ಸಂಘದ ಯಾವ ಭಾಷಣದಲ್ಲಿಯೂ ನಾನು ಈ ಕಾರಣವನ್ನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ. ನಮ್ಮ ಹೆಣ್ಣುಮಗಳು ನ್ಯಾಯವಾದಿಯ ಎಚ್ಚರಿಕೆಯಿಂದ ಎರಡು ಮನೆಗಳ ಮಾನ ಕಾಯುತ್ತಾಳೆ. ತನ್ನ ತಲೆನೋವು ಕೂಡ ಒಂದು ಮನೆಯ ಮೇಲಿನ ದೂರಾಗುತ್ತದೆ ಎಂದು ಬಾಯಿ ಮುಚ್ಚುತ್ತಾಳೆ. ಅದೇ ಮಾತನ್ನು ನರ್ಸ್ ಹೇಳಿದರೆ ಅದು ದೂರಲ್ಲ, ಬರೀ ಸುದ್ದಿ. ಎಸ್ತರಬಾಯಿ ನಮ್ಮ ಮನೆಗೆ ಬಂದು ಮಾಡಿದ ದೊಡ್ಡ ಉಪಕಾರ ಅದು. ಗಿರಿಜಾಳಿಗೆ ಯಾರ ಮಾನಕ್ಕೂ ಕುಂದಿಲ್ಲದೆ ಮಾತನಾಡುವ ದಾರಿ ದೊರೆಯಿತು.

"ತಲಿ ಶೂಲಿ ಬಂದ್ರ ಈಗ ನನಗ ಹೇಳ್ತೀಯೋ ಇಲ್ಲೋ?" ಎಂದು ಸುಮಿತ್ರಾಬಾಯಿ ಕೇಳಿದಳು.

"ಹೇಳ್ತೇನ್ರಿ."

ಅವಳು ಹೇಳಿದಳು. ಕೆಲವು ವಾರಗಳ ನಂತರ ಒಂದು ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಬಳಿಗೆ ಬಂದು, ಕಣ್ಣ ಮುಂದೆ ಮಿಂಚುತ್ತಿದೆ ಎಂದಳು. ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು ಸುಮಿತ್ರಾಬಾಯಿಯನ್ನು ಕರೆಯಲು ತಾನೇ ಹೋದಳು. ರಕ್ತದೊತ್ತಡ ಏರಿತ್ತು. ಸುಮಿತ್ರಾಬಾಯಿ ಒಂದು ಟೆಂಪೋ ನಿಲ್ಲಿಸಿ, ಗಿರಿಜಾಳನ್ನು ಮಲಗಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ವೈದ್ಯರು ಕೇಳಿದ ಪ್ರಶ್ನೆಗಳಿಗೆಲ್ಲ ಮೊದಲ ತಿಂಗಳಿನಿಂದ ಆ ದಿನದವರೆಗಿನ ಉತ್ತರ ಸುಮಿತ್ರಾಬಾಯಿಯ ಬಾಯಲ್ಲಿತ್ತು.

ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಅಂಗೈಯಲ್ಲಿ ಹಿಡಿಯಬಹುದೇನೋ ಎಂಬಷ್ಟು ಸಣ್ಣದು. ಬೆಚ್ಚಗಿರಲೆಂದು ತಾಯಿಯ ಎದೆಗೆ ಅವಚಿ ಸೆರಗಿನೊಳಗೆ ಇಟ್ಟಿದ್ದರು. ಮೊದಲ ಹಾಲಿನ ವಿಷಯ ಬಂದಾಗ ನಾನು ಹಾಲೆಂಡಿನ ಕರುವಿನ ಪ್ರಸಂಗದಿಂದ ಆರಂಭಿಸಿ ವಾದ ಮಂಡಿಸಲು ಸಿದ್ಧನಾದೆ. ಅವ್ವ ಕೈ ಎತ್ತಿ ತಡೆದಳು.

"ಕರಾಕ್ಕ ಮೊದಲ ಕುಡಿಸೂದು ನನಗ ಗೊತ್ತಿಲ್ಲೇನು? ಇದೂ ಒಂದು ಕರಾನ. ಸರಿ ಆಕಡೆ," ಎಂದು ಹೇಳಿ, ಕೂಸಿನ ಬಾಯನ್ನು ತಾನೇ ಎದೆಗೆ ಹಚ್ಚಿದಳು.

ಮತ್ತೆ ತಂಬೂರ

ಐದು ತಿಂಗಳಾದ ಮೇಲೆ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವ ದಿನ ಬಂದಿತು. ಈ ಸಲ ಬಸ್ಸಿನಲ್ಲಿ ಗಿರಿಜಾಳ ಪಕ್ಕದಲ್ಲಿ ಕುಳಿತವಳು ಸುಮಿತ್ರಾಬಾಯಿ. ಅವಳನ್ನು ಯಾರೂ ಕರೆದಿರಲಿಲ್ಲ. ತನ್ನ ಸರತಿ ಎಂದು ತಾನೇ ಬಂದಿದ್ದಳು.

ಬೀಗರ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಅವರಲ್ಲಿ ಇಬ್ಬರು ಆಗಲೇ ಎಸ್ತರಬಾಯಿಯನ್ನು ಬಾಗಿಲಲ್ಲಿ ಹಿಡಿದು, ತಮ್ಮ ಸೊಸೆಯಂದಿರ ಕುಬಸಕ್ಕೆ ಅವಳಿಗೆ ಯಾವ ದಿನ ಬಿಡುವಿದೆ ಎಂದು ಕೇಳುತ್ತಿದ್ದರು. ಒಳ್ಳೆಯ ದಿನ ನೋಡಿ ಹೇಳುವ ಅಯ್ಯನವರನ್ನು ಕೇಳಿಯಾಯಿತೇ ಎಂದು ನಾನು ವಿಚಾರಿಸಿದೆ.

"ಮೊದಲ ಬಾಯಾರನ್ನ ಕೇಳೂಣ್ರಿ," ಎಂದಳು ಒಬ್ಬಳು. "ಅಯ್ಯನವ್ರು ಎಂದಿದ್ರೂ ಸಿಗ್ತಾರ."

ಸುಮಿತ್ರಾಬಾಯಿ ತಾಯಿ ಮಗುವಿನ ವಿಷಯವನ್ನೆಲ್ಲ ಎಸ್ತರಬಾಯಿಗೆ ಒಪ್ಪಿಸಿದಳು. ಎಸ್ತರಬಾಯಿ ಚೀಲದಿಂದ ತೂಗುವ ತಕ್ಕಡಿ ತೆಗೆದು ತೊಟ್ಟಿಲಿನ ಕೊಂಡಿಗೆ ಸಿಕ್ಕಿಸಿದಳು. ಬಟ್ಟೆಯ ಜೋಳಿಗೆ ಬಿಚ್ಚಿದಳು.

ಗಿರಿಜಾಳ ಅತ್ತೆ ಮುಂದೆ ಬಂದು ಕೂಸಿನ ಮೇಲೆ ಸೆರಗು ಹೊದಿಸಿದಳು. "ಬ್ಯಾಡ್ರಿ ಬಾಯಾರ. ಇಷ್ಟ ಮಂದೀ ಮುಂದ ಕೂಸಿನ ತೂಕ ಮಾಡಬಾರದು. ದೃಷ್ಟಿ ಆಕ್ಕತಿ. ಒಮ್ಮೆ ಕಳಕೊಂಡೇವಿ," ಎಂದಳು.

ಎಸ್ತರಬಾಯಿಯ ಕೈ ನಿಂತಿತು. ಅವ್ವ ನನ್ನ ಕಡೆಗೆ ನೋಡಿದಳು. ನಾನು ಮಾತನಾಡಲು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಎದ್ದು ನಿಂತಿದ್ದಳು. ಮದುವೆಯಾದ ಮೇಲೆ ಆ ಪಡಸಾಲೆಯಲ್ಲಿ, ಹಿರಿಯರ ಮುಂದೆ, ಅವಳು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯ ಕೈಯನ್ನು ಮೃದುವಾಗಿ ಸರಿಸಿ, ಕೂಸಿನ ಮೇಲಿನ ಸೆರಗನ್ನು ತೆಗೆದಳು. ಕೂಸನ್ನು ತಾನೇ ಜೋಳಿಗೆಯಲ್ಲಿಟ್ಟು ಹಿಂದೆ ಸರಿದಳು.

"ಮಾಡ್ರಿ ಬಾಯಾರ," ಎಂದಳು. "ಎಲ್ಲಾರೂ ನೋಡ್ಲಿ."